ಹತ್ತು ನಿಮಿಷದ ಹೊದಿಕೆ

ಒಂದು ಲೆಕ್ಕ ಹಾಕೋಣ. 150 ಸೆಂಟಿಮೀಟರ್ ಉದ್ದ, 120 ಸೆಂಟಿಮೀಟರ್ ಅಗಲದ ಹೊದಿಕೆ. ಸೋಫಾ ಮೇಲೆ ಕಾಲು ಮಡಚಿ ಕೂತರೆ ಕುತ್ತಿಗೆವರೆಗೂ ಬರುವಷ್ಟು. ನಾಲ್ಕೂ ಅಂಚು ಸೇರಿದರೆ 540 ಸೆಂಟಿಮೀಟರ್. ಒಂದು ಹೊಲಿಗೆ 3 ಮಿಲಿಮೀಟರ್ ಅಂತ ಇಟ್ಟುಕೊಂಡರೆ 1800 ಹೊಲಿಗೆ. ಮನೆಯ ಮಿಷನ್ ಆತುರವಿಲ್ಲದೆ ಓಡಿದರೂ ನಿಮಿಷಕ್ಕೆ 600 ಹೊಲಿಗೆ ಹಾಕುತ್ತದೆ. ಅಂದರೆ ಮೂರು ನಿಮಿಷ. ಪದರಗಳು ಒಳಗೆ ಜಾರಾಡದಿರಲಿ ಅಂತ ಉದ್ದಕ್ಕೆ ಏಳು ಗೆರೆ ಹೊಡೆದರೆ ಇನ್ನೊಂದು ಆರು ನಿಮಿಷ. ಮೂಲೆಗಳಲ್ಲಿ ತಿರುಗಿಸೋಕೆ ಒಂದು ನಿಮಿಷ. ಒಟ್ಟು ಹತ್ತು.

ಈ ಲೆಕ್ಕ ಹಾಕಿಕೊಟ್ಟಿದ್ದು ನನ್ನ ಗಂಡ. ಲೆಕ್ಕದಲ್ಲಿ ಒಂದು ಸೊನ್ನೆಯೂ ಆಚೀಚೆ ಆಗಿಲ್ಲ. ಅದಕ್ಕೇ ಅದರ ಜೊತೆ ಜಗಳ ಆಡೋಕೂ ಆಗುವುದಿಲ್ಲ. ಆದರೆ ಹೊದಿಕೆ ಹೊಲಿಯುವ ಕೆಲಸದಲ್ಲಿ ಹೊಲಿಗೆ ಅನ್ನುವುದು ಇರುವುದೇ ಅಷ್ಟು. ಉಳಿದದ್ದೆಲ್ಲ ಒಗೆಯುವುದು, ಇಸ್ತ್ರಿ ಹಾಕುವುದು, ನೆಲದ ಮೇಲೆ ತೆವಳುವುದು, ಪಿನ್ ಹುಡುಕುವುದು, ಹೊಲಿದದ್ದನ್ನು ಬಿಚ್ಚುವುದು, ಮತ್ತು ಮನೆಯವರನ್ನು ಬಟ್ಟೆಯ ಮೇಲಿಂದ ಎಬ್ಬಿಸುವುದು. ಲೆಕ್ಕದ ಹಾಳೆಯಲ್ಲಿ ಇದಕ್ಕೆ ಜಾಗ ಇರಲಿಲ್ಲ.

ಹೊಲಿಗೆಯ ಸಮಸ್ಯೆಯನ್ನು ಮನುಷ್ಯರು ಯಾವತ್ತೋ ಬಗೆಹರಿಸಿಕೊಂಡಿದ್ದಾರೆ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ. ಸೂಜಿಯ ಕಣ್ಣು ಹಿಂಬದಿಯಲ್ಲಲ್ಲ, ಮೊನೆಯ ಹತ್ತಿರ. ಒಂದು ದಾರ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಬಂದು ಬಟ್ಟೆಯಲ್ಲಿ ಕೊಂಡಿ ಹಾಕಿಕೊಳ್ಳಬೇಕು. ನಮ್ಮನೆ ಮಿಷನ್ ಇವತ್ತಿಗೂ ಮಾಡುವುದು ಅದನ್ನೇ. ಆದರೆ ಮೇಲಿನ ಬಟ್ಟೆ, ನಡುವಿನ ಹಾಸು, ಅಡಿಯ ಬಟ್ಟೆ ಅಂತ ಮೂರು ಪದರವನ್ನು ಒಂದರ ಮೇಲೊಂದು ಸುಕ್ಕಿಲ್ಲದೆ ಹಾಸಿಕೊಡುವ ಯಂತ್ರವನ್ನು ಯಾರೂ ನಮ್ಮ ಮನೆವರೆಗೆ ತಲುಪಿಸಿಲ್ಲ. ಅದಕ್ಕೆ ಈಗಲೂ ಮೊಣಕಾಲೇ ಗತಿ.

ಮೊದಲು ಒಗೆಯಬೇಕು. ಹೊಸ ಹತ್ತಿ ಬಟ್ಟೆ ನೀರು ಕಂಡ ಕೂಡಲೇ ಕುಗ್ಗುತ್ತದೆ. ನೂರಕ್ಕೆ 3ರಿಂದ 5 ಅಂದರೆ ಕೇಳೋಕೆ ಏನೂ ಅಲ್ಲ. 150 ಸೆಂಟಿಮೀಟರ್ ಬಟ್ಟೆಗೆ ಹಾಕಿ ನೋಡಿ, ಏಳು ಸೆಂಟಿಮೀಟರ್‌ವರೆಗೂ ಮಾಯ. ಅಡಿಯಲ್ಲಿ ಹಾಕುವ ಫ್ಲೀಸ್ ಅನ್ನುವ ಮೆತ್ತನೆಯ ಬಟ್ಟೆ ಪಾಲಿಯೆಸ್ಟರ್‌ನದು, ಅದು ಜಪ್ಪಯ್ಯ ಅಂದರೂ ಕುಗ್ಗುವುದಿಲ್ಲ. ಒಗೆಯದೆ ಹೊಲಿದರೆ ಮೊದಲ ಸಲ ಒಗೆದಾಗ ಮೇಲಿನದು ಕುಗ್ಗಿ, ಕೆಳಗಿನದು ಕುಗ್ಗದೆ, ಹೊದಿಕೆಗೆ ಸುಕ್ಕುಸುಕ್ಕು ಮುಖ ಬರುತ್ತದೆ. ಹಾಗಾಗಿ ನಮ್ಮನೆಯ ಕೆಂಪು ಹೂವಿನ ಹತ್ತಿ ಬಟ್ಟೆ ಬಕೆಟ್ಟಿಗೆ ಹೋಯಿತು.

ಅತ್ತೆ ಒಂದು ಹಿಡಿ ಉಪ್ಪು ತಂದು ಸುರಿದರು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ಅವರ ನಂಬಿಕೆ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪು ಉಪಯೋಗಕ್ಕೆ ಬರುವುದು ನಿಜ, ಬಣ್ಣ ನೂಲಿಗೆ ಅಂಟೋಕೆ ಅದು ನೆರವಾಗುತ್ತದೆ. ಆದರೆ ಅಂಗಡಿಯಿಂದ ಬಂದ ಬಟ್ಟೆಯಲ್ಲಿ ಸಡಿಲವಾಗಿ ಕೂತಿರುವ ಬಣ್ಣವನ್ನು ಉಪ್ಪು ತಡೆಯುವುದಿಲ್ಲ. ಇದನ್ನು ನಾನು ಹೇಳುವ ಹೊತ್ತಿಗೆ ಯಾರೋ ಅದೇ ಬಕೆಟ್ಟಿಗೆ ಮಾವನವರ ಬಿಳಿ ಬನಿಯನ್ ಹಾಕಿದ್ದರು. ಯಾರು ಅಂತ ಇನ್ನೂ ತನಿಖೆ ಮುಗಿದಿಲ್ಲ. ಮಾವ ಮಾತ್ರ ಒಂದು ಮಾತೂ ಆಡದೆ ಆ ತಿಳಿ ಗುಲಾಬಿ ಬನಿಯನ್ ಹಾಕಿಕೊಂಡು ಗೇಟಿನ ಹತ್ತಿರ ಪೇಪರ್ ಓದುತ್ತಾ ಕೂತರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೆ ನೆಲ. ಹೊದಿಕೆ ಹಾಸೋಕೆ ಹೊದಿಕೆಗಿಂತ ದೊಡ್ಡ ನೆಲ ಬೇಕು, ಯಾಕಂದರೆ ಸುತ್ತ ತೆವಳುವವರಿಗೂ ಜಾಗ ಬೇಕಲ್ವಾ? ಸೋಫಾ ಗೋಡೆಗೆ ಹೋಯಿತು, ಟೀಪಾಯಿ ಮಂಚದ ಮೇಲೆ ಏರಿತು, ಕುರ್ಚಿಗಳು ಅಡುಗೆಮನೆಗೆ ಬಂದವು. ಇಷ್ಟಾದ ಮೇಲೆ ಬಟ್ಟೆ ಹಾಸಿ ನೋಡಿದರೆ ಅದು ಆಯತ ಅಲ್ಲ. ಆಯತದ ಹಾಗೆ ಕಾಣುತ್ತದೆ, ಆದರೆ ಎಲ್ಲೋ ಒಂದು ಕಡೆ ವಾಲಿದೆ. ಗಂಡ ಟೇಪು ಹಿಡಿದು ಹುರುಪಿನಿಂದ ನೆಲಕ್ಕಿಳಿದರು. ಎರಡು ಕರ್ಣಗಳನ್ನು ಅಳೆಯಬೇಕು, ಎರಡೂ ಸಮ ಇದ್ದರೆ ಮೂಲೆಗಳು ನೇರ ಅಂತ ಅರ್ಥ. ಇದು ಸುಲಭದ ಉಪಾಯ, ನಿಜಕ್ಕೂ ಕೆಲಸ ಮಾಡುತ್ತದೆ. 150ಕ್ಕೆ 120 ಇದ್ದರೆ ಕರ್ಣ 192 ಸೆಂಟಿಮೀಟರ್ ಬರಬೇಕು. ನಮ್ಮದು ಒಂದು ಕಡೆ 196, ಇನ್ನೊಂದು ಕಡೆ 188 ಬಂತು. ಶಾಲೆಯಲ್ಲಿ ಕಲಿತ ಪೈಥಾಗರಸ್ ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂದ ಸಂತೋಷದಲ್ಲಿ ಅವರು ಇದನ್ನು ಮಗನಿಗೆ ವಿವರಿಸೋಕೆ ಶುರು ಮಾಡಿದರು. ಪಾಠ ಬಟ್ಟೆಯ ಮೇಲೆ ಕೂತೇ ನಡೆಯಿತು. ಪಾಠ ಮುಗಿದು ಅವರು ಎದ್ದಾಗ ಕರ್ಣಗಳು ಬೇರೆಯೇ ಆಗಿದ್ದವು.

ಉಪಾಯ ಬೇಕಿದ್ದರೆ ಇಷ್ಟೇ. ವಾಲಿದ ಬಟ್ಟೆಯನ್ನು ಕತ್ತರಿಸಿ ನೆಟ್ಟಗೆ ಮಾಡೋಕೆ ಹೋಗಬೇಡಿ. ಗಿಡ್ಡ ಕರ್ಣದ ಎರಡು ಮೂಲೆಗಳನ್ನು ಇಬ್ಬರು ಹಿಡಿದು ಮೆಲ್ಲಗೆ ಎಳೆಯಿರಿ. ಇಸ್ತ್ರಿ ಮಾಡುವಾಗ ಎಳೆದಾಡಿ ಓರೆಯಾಗಿದ್ದರೆ ನೂಲು ತನ್ನ ಜಾಗಕ್ಕೆ ಬರುತ್ತದೆ. ಎಳೆಯುವ ಇಬ್ಬರು ಆವತ್ತು ಮಾತಾಡುತ್ತಿರುವವರಾಗಿದ್ದರೆ ಒಳ್ಳೆಯದು.

ನಡುವಿನ ಪದರದ ಬಗ್ಗೆ ನಮ್ಮನೆಯಲ್ಲಿ ಎರಡು ಪಕ್ಷ. ಹೊದಿಕೆ ಅಂದರೆ ಭಾರ ಇರಬೇಕು, ಎದೆ ಮೇಲೆ ಕೂತ ಹಾಗಿದ್ದರೇ ಬೆಚ್ಚಗೆ ಅನ್ನುವುದು ಅತ್ತೆಯ ಪಕ್ಷ. ಬೆಚ್ಚಗಿಡುವುದು ಬಟ್ಟೆಯ ತೂಕ ಅಲ್ಲ, ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ ಅನ್ನುವುದು ನನ್ನದು. ಹಗುರವಾದ ಪಾಲಿಯೆಸ್ಟರ್ ಹಾಸು ಉಬ್ಬಿಕೊಂಡಿದ್ದರೆ ಅದರಲ್ಲಿ ಗಾಳಿ ಜಾಸ್ತಿ. ಗೆರೆಗಳನ್ನು ಒತ್ತೊತ್ತಾಗಿ ಹೊಡೆದು ಅದನ್ನು ಚಪ್ಪಟೆ ಮಾಡಿದರೆ ಗಾಳಿಯೂ ಹೋಯಿತು, ಬಿಸಿಯೂ ಹೋಯಿತು. "ಗಾಳಿ ಹೊದ್ದುಕೊಂಡು ಮಲಗೋದಾದ್ರೆ ಕಿಟಕಿ ತೆಗೆದ್ರೆ ಸಾಕಲ್ಲ" ಅಂದರು ಅತ್ತೆ. ಈ ಮಾತಿಗೆ ವಿಜ್ಞಾನದಲ್ಲಿ ಉತ್ತರ ಇದೆ. ಸಂಸಾರದಲ್ಲಿ ಇಲ್ಲ.

ನಾನು ಹಿಡಿದದ್ದು ಮಗುಚುವ ದಾರಿ. ಎಲ್ಲಕ್ಕಿಂತ ಕೆಳಗೆ ನಡುವಿನ ಹಾಸು. ಅದರ ಮೇಲೆ ಫ್ಲೀಸ್, ಸೀದಾ ಮುಖ ಮೇಲೆ. ಅದರ ಮೇಲೆ ಹೂವಿನ ಬಟ್ಟೆ, ಸೀದಾ ಮುಖ ಕೆಳಗೆ. ಸುತ್ತ ಹೊಲಿದು, ಒಂದು ಬದಿಯಲ್ಲಿ 25 ಸೆಂಟಿಮೀಟರಿನ ಬಾಯಿ ಬಿಟ್ಟು, ಆ ಬಾಯಿಯಿಂದ ಇಡೀ ಹೊದಿಕೆಯನ್ನು ಹೊರಗೆಳೆಯಬೇಕು. ನಡುವೆ ಇರಬೇಕಾದ್ದು ಕೆಳಗೆ, ಹೊರಗೆ ಕಾಣಬೇಕಾದ್ದು ಒಳಗೆ. ನೋಡುವವರಿಗೆಲ್ಲ ಇದು ತಪ್ಪು ಅಂತ ಕಾಣುತ್ತದೆ. ಹಾಗಾಗಿ ಹಾಲ್ ದಾಟಿ ಹೋದವರೆಲ್ಲ ನನ್ನನ್ನು ತಿದ್ದಿ ಹೋದರು. ಮಾವ ಕೂಡ ಗುಲಾಬಿ ಬನಿಯನ್ನಿನಲ್ಲಿ ನಿಂತು, "ಹಾಸು ಮಧ್ಯ ಇರ್ಬೇಕಲ್ವೇನಮ್ಮಾ?" ಅಂದರು. ನಾನು ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಪದರಗಳನ್ನು "ಸರಿ" ಮಾಡಿ ಇಟ್ಟಿದ್ದರು. ಹಾಗೇ ಹೊಲಿದಿದ್ದರೆ ಮಗುಚಿದಾಗ ಹಾಸು ಹೊರಗೆ ಬರುತ್ತಿತ್ತು. ಕುರಿ ಹೊದ್ದುಕೊಂಡಂತೆ ಕಾಣುತ್ತಿತ್ತೋ ಏನೋ.

ಪಿನ್ನುಗಳ ವಿಷಯ ಜಾಸ್ತಿ ಹೇಳುವುದಿಲ್ಲ. ಸುಮಾರು ಹತ್ತು ಸೆಂಟಿಮೀಟರಿಗೊಂದರಂತೆ ಚುಚ್ಚಬೇಕು, ಚುಚ್ಚಿದಷ್ಟೂ ಎಣಿಸಿ ತೆಗೆಯಬೇಕು. ಎಣಿಕೆ ತಪ್ಪಿದರೆ ಉಳಿದದ್ದನ್ನು ಕಣ್ಣಲ್ಲಿ ಹುಡುಕಬೇಕಾಗಿಲ್ಲ, ಕಾಲು ತಾನೇ ಹುಡುಕಿಕೊಡುತ್ತದೆ. ಹಾಸಿಟ್ಟ ರಾಶಿಗೆ ಮನಸೋತು ಗಂಡ "ಮೆತ್ತಗಿದೆಯಾ ನೋಡ್ತೀನಿ" ಅಂತ ಅದರ ಮೇಲೆ ಮಲಗಿದ್ದು ಪಿನ್ ಚುಚ್ಚಿ ಆದ ಮೇಲೆ. ಎದ್ದ ವೇಗ ನೋಡಿ ಅತ್ತೆಗೇ ಗಾಬರಿಯಾಯಿತು.

ಈಗ ಮಿಷನ್. ಮೂರು ಪದರಕ್ಕೆ ತೆಳ್ಳಗಿನ ಸೂಜಿ ಬಾಗುತ್ತದೆ. 90/14 ಅಂತ ಬರೆದ ಸೂಜಿ ಬೇಕು. ಆ 90 ಅಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. ಸೂಜಿ ಸರಿಯಿತ್ತು, ದಾರ ಹೊಸದು, ಗುಂಡಿ ಒತ್ತಿದೆ. ಮೇಲೆ ನೋಡಿದರೆ ಮುತ್ತು ಪೋಣಿಸಿದಂಥ ಹೊಲಿಗೆ. ಒಂದಡಿ ಹೋದ ಮೇಲೆ ಮಿಷನ್ ಗೊರ್ ಅಂತ ನಿಂತಿತು. ಬಟ್ಟೆ ಎತ್ತಿದರೆ ಕೆಳಗೆ ದಾರದ ಮುದ್ದೆ. ಮನೆಯವರೆಲ್ಲ ಬಗ್ಗಿ ನೋಡಿ ಒಂದೇ ತೀರ್ಪು ಕೊಟ್ಟರು: ಬಾಬಿನ್, ಅಂದರೆ ಕೆಳಗಿನ ದಾರದ ಉರುಳೆ, ಕೆಟ್ಟಿದೆ. ಬಾಬಿನ್ ತೆಗೆದು, ಒರೆಸಿ, ಊದಿ, ಮತ್ತೆ ಹಾಕಿದೆವು. ಮತ್ತೆ ಮುದ್ದೆ.

ಕೆಳಗೆ ಮುದ್ದೆ ಬಂದರೆ ಸಾಮಾನ್ಯವಾಗಿ ದೋಷ ಇರುವುದು ಮೇಲೆ. ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಕೆಳಗಿಳಿದಿದ್ದಾಗ ದಾರ ಪೋಣಿಸಿದರೆ, ದಾರವನ್ನು ಬಿಗಿ ಹಿಡಿಯುವ ಎರಡು ತಟ್ಟೆಗಳು ಮುಚ್ಚಿಕೊಂಡಿರುತ್ತವೆ. ದಾರ ಅವುಗಳ ನಡುವೆ ಹೋಗದೆ ಪಕ್ಕದಲ್ಲೇ ಓಡಾಡುತ್ತದೆ. ಹಿಡಿತವಿಲ್ಲದ ಮೇಲಿನ ದಾರ ಕೆಳಗೆ ಹೋಗಿ ರಾಶಿ ಬೀಳುತ್ತದೆ. ತಪ್ಪು ಮೇಲಿನವರದು, ಬೈಸಿಕೊಳ್ಳುವವರು ಕೆಳಗಿನವರು. ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫುಟ್ ಎತ್ತಿ, ದಾರ ಪೂರ್ತಿ ಎಳೆದುಹಾಕಿ ಹೊಸದಾಗಿ ಪೋಣಿಸಿದರೆ ಮುಗಿಯಿತು. ಅಷ್ಟು ಹೊತ್ತಿಗೆ ನಮ್ಮ ಬಾಬಿನ್ ಮಾಡದ ತಪ್ಪಿಗೆ ಸೀಮೆಎಣ್ಣೆ ಸ್ನಾನದ ಅಂಚಿಗೆ ಬಂದಿತ್ತು.

ಸುತ್ತಲಿನ ಹೊಲಿಗೆ ಮುಗಿಯಿತು. ಮಗುಚುವ ಗಳಿಗೆ ಬಂತು. ಒಂದು ಇಡೀ ಹೊದಿಕೆಯನ್ನು ಒಂದು ಗೇಣಿಗಿಂತ ಸ್ವಲ್ಪ ದೊಡ್ಡ ಬಾಯಿಯಿಂದ ಹೊರಗೆಳೆಯುವುದನ್ನು ಒಮ್ಮೆಯಾದರೂ ನೋಡಬೇಕು. ಮೊದಲು ಏನೂ ಬರುವುದಿಲ್ಲ. ಆಮೇಲೆ ಒಂದು ಮೂಲೆ. ಆಮೇಲೆ ಬರುತ್ತಲೇ ಇರುತ್ತದೆ. ಆದರೆ ಮೂಲೆಗಳು ಮೊಂಡಾಗಿಯೇ ಉಳಿದವು. ಒಳಗಿನಿಂದ ಯಾರಾದರೂ ಕೈ ಹಾಕಿ ತಳ್ಳಬೇಕು. ನನ್ನ ಕೈ ಅಷ್ಟು ದೂರ ಹೋಗಲಿಲ್ಲ, ಸೌಟಿನ ಹಿಡಿ ಒಳಗಿನ ಹಾಸನ್ನೇ ಕಿತ್ತುಕೊಂಡು ಬಂತು. ಕೊನೆಗೆ ಮಗನನ್ನು ಕರೆದೆವು. ಅವನ ಕೈ ಸಣ್ಣದು, ಭುಜವೂ ಸಣ್ಣದು. ಅರ್ಧ ಒಳಗೇ ಹೋಗಿಬಿಟ್ಟ. ಒಳಗಿಂದ "ಬ್ರೂಂ ಬ್ರೂಂ" ಅಂತ ಸದ್ದು ಬಂದಾಗ ಹುಡುಗ ಖುಷಿಯಾಗಿದ್ದಾನೆ ಅಂತ ಸುಮ್ಮನಿದ್ದೆವು. ನಾಲ್ಕೂ ಮೂಲೆ ಚೂಪಾಗಿ ಬಂದವು.

ಬಾಯಿಯನ್ನು ಕೈಯಲ್ಲೇ ಹೊಲಿದು ಮುಚ್ಚಿ, ಉದ್ದಕ್ಕೆ ಗೆರೆ ಹೊಡೆಯುತ್ತಾ ಹೋದೆ. ಇಲ್ಲಿ ಇನ್ನೊಂದು ತಾಪತ್ರಯ ಇದೆ. ಮಿಷನ್ನಿನ ಕೆಳಗಿನ ಹಲ್ಲುಗಳು ಅಡಿಯ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತವೆ, ಮೇಲಿನ ಫುಟ್ ಮೇಲಿನ ಬಟ್ಟೆಯನ್ನು ತಡೆಯುತ್ತದೆ. ಗೆರೆ ಮುಗಿಯುವ ಹೊತ್ತಿಗೆ ಮೇಲಿನದು ಹಿಂದೆ ಬಿದ್ದು ನಿರಿಗೆ ಕಟ್ಟುತ್ತದೆ. ಮೇಲೂ ಹಲ್ಲಿರುವ ವಾಕಿಂಗ್ ಫುಟ್ ಅಂತ ಒಂದು ಸಿಗುತ್ತದೆ, ಅದನ್ನು ಹಾಕಿಕೊಂಡರೆ ಎರಡೂ ಪದರ ಒಟ್ಟಿಗೆ ನಡೆಯುತ್ತವೆ. ದಪ್ಪ ಹೊದಿಕೆ ಹೊಲಿಯೋದಾದರೆ ಅದನ್ನು ಕೊಂಡುಕೊಳ್ಳಿ ಅಂತ ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ.

ಏಳನೇ ಗೆರೆಯ ಕೊನೆಯಲ್ಲಿ ಏನೋ ಗಟ್ಟಿಯಾದದ್ದು ಮಿಷನ್ನಿಗೆ ತಾಗಿ ಟಕ್ ಅಂದಿತು. ಮುಟ್ಟಿ ನೋಡಿದೆ. ಗಟ್ಟಿಯಾಗಿದೆ, ಉದ್ದಗಿದೆ, ಒತ್ತಿದರೆ ಜರುಗುತ್ತದೆ. ಮಗ ಕಣ್ಣರಳಿಸಿ, "ನನ್ನ ಕಾರು!" ಅಂದ. ಒಳಗೆ ಸುರಂಗ ಇದ್ದ ಹಾಗಿತ್ತಂತೆ, ಓಡಿಸಿ ನೋಡಿದನಂತೆ, ಆಮೇಲೆ ಮೂಲೆ ತಳ್ಳುವ ಗಡಿಬಿಡಿಯಲ್ಲಿ ನಿಲ್ಲಿಸಿ ಬಂದನಂತೆ. ಏಳು ಗೆರೆ ಹೊಡೆದದ್ದರಿಂದ ಹೊದಿಕೆಯಲ್ಲಿ ಎಂಟು ದಾರಿ ಆಗಿವೆ. ಒಂದೊಂದೂ 15 ಸೆಂಟಿಮೀಟರ್ ಅಗಲ, 150 ಸೆಂಟಿಮೀಟರ್ ಉದ್ದ. ಕಾರಿಗೆ ಈಗ ಕೊನೆಯ ದಾರಿ ಪೂರ್ತಿ ಸ್ವಂತ.

ಅಂಚು ಬಿಚ್ಚಿ ತೆಗೆಯೋಣ ಅಂದೆ. ಮಗ ಹೊದಿಕೆಯನ್ನು ತಬ್ಬಿಕೊಂಡು ಕೂತ. ಗಂಡ ಅವನ ಪರ. ಅತ್ತೆ ಹೊದಿಕೆಯನ್ನು ಕೈಯಲ್ಲಿ ತೂಗಿ ನೋಡಿ, "ಈಗ ಸ್ವಲ್ಪ ಭಾರ ಬಂದಿದೆ, ಇರಲಿ ಬಿಡು" ಅಂದರು. ಮಾವನಿಗೆ ಅದು ಬೆನ್ನಿನ ಕೆಳಗೆ ಬಂದರೆ ಹಿತವಾಗಿರುತ್ತದಂತೆ. ಬಂದ ನೆಂಟರು ಮಾತ್ರ ಸೋಫಾದಿಂದ ಒಮ್ಮೆ ದಿಢೀರನೆ ಎದ್ದು, ಏನೂ ಆಗದವರಂತೆ ಪಕ್ಕಕ್ಕೆ ಸರಿದು ಕೂರುತ್ತಾರೆ.

ಪಕ್ಕದ ಮನೆಯವರಿಗೆ ಹೊದಿಕೆ ಬಹಳ ಹಿಡಿಸಿತು. "ನಮಗೂ ಒಂದು ಹೊಲಿದುಕೊಡಿ, ನಿಮ್ಮ ಯಜಮಾನ್ರು ಹೇಳಿದ್ರು, ಹತ್ತು ನಿಮಿಷದ ಕೆಲಸವಂತೆ" ಅಂದರು. ಯಜಮಾನರು ಆಗಲೇ ಒಳಗೆ ಹೋಗಿದ್ದರು. ನಾನು ನಕ್ಕು, "ಧಾರಾಳವಾಗಿ. ಬಟ್ಟೆ ನಾನೇ ತರ್ತೀನಿ, ನೀವು ನೆಲ ಕೊಡಿ ಸಾಕು" ಅಂದೆ. ಇಷ್ಟು ಹೇಳಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ನಿನ್ನೆ ಸಂಜೆ ಫೋನ್ ಮಾಡಿದ್ದರು. ಸೋಫಾ ಸರಿಸಿಯಾಯಿತಂತೆ, ನೆಲ ಒರೆಸಿಯಾಯಿತಂತೆ, ಯಾವಾಗ ಬರ್ತೀರಿ ಅಂತ ಕೇಳಿದರು. ಅವರ ಮನೆಯಲ್ಲಿ ಕೈ ಸಣ್ಣ ಇರುವವರು ಯಾರೂ ಇಲ್ಲವಂತೆ, ಬರುವಾಗ ನಮ್ಮ ಹುಡುಗನನ್ನೂ ಕರೆದುಕೊಂಡು ಬರಬೇಕಂತೆ.