ವಾಪಸ್ ಬಂದ ಕನ್ನಡಕದಿಂದಲೇ ತರಬೇತಿ ಶುರುವಾಗಲಿ

ಕನ್ನಡಕದಂಗಡಿಯವರಿಗೆ ತರಬೇತಿ ಅಂದರೆ ಈಗ ಹೆಚ್ಚಿನ ಕಡೆ ನಡೆಯುವುದು ಇಷ್ಟು: ಲೆನ್ಸ್ ಕಂಪನಿಯೊಂದು ಹೋಟೆಲ್ ಹಾಲ್‌ನಲ್ಲಿ ಹೊಸ ಕೋಟಿಂಗ್ ಪರಿಚಯಿಸುತ್ತದೆ, ಮಾಲೀಕರು ಮತ್ತು ಕಣ್ಣು ಪರೀಕ್ಷಿಸಿ ನಂಬರು ಬರೆಯುವ ಆಪ್ಟೋಮೆಟ್ರಿಸ್ಟ್ ಹೋಗಿ ಬರುತ್ತಾರೆ, ಸರ್ಟಿಫಿಕೇಟ್ ಸಿಗುತ್ತದೆ. ಕೌಂಟರ್‌ನಲ್ಲಿ ನಿಂತು ದಿನವಿಡೀ ಅಳತೆ ತೆಗೆಯುವ, ಫ್ರೇಮ್ ಕೂರಿಸುವ ಹುಡುಗ ಹುಡುಗಿಯರನ್ನು ಯಾರೂ ಕರೆಯುವುದಿಲ್ಲ. ನಂಬರು ಎಷ್ಟೇ ಸರಿಯಾಗಿ ಬರೆದಿದ್ದರೂ ಕನ್ನಡಕ ಕೆಡುವುದು ಈ ಅಳತೆಯಲ್ಲೇ. ಆದ್ದರಿಂದ ಕಲಿಕೆ ಮೊದಲು ತಲುಪಬೇಕಾದ್ದು ಅವರಿಗೆ.

2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ ಆಪ್ಟೋಮೆಟ್ರಿಸ್ಟ್‌ಗಳಿಗೆ ಜಾಗ ಸಿಕ್ಕಿದೆ, ಸಂತೋಷ. ಕೌಂಟರ್ ಸಿಬ್ಬಂದಿಗೆ ಮಾತ್ರ ನಮ್ಮಲ್ಲಿ ಕಡ್ಡಾಯ ಕಲಿಕೆ ಅನ್ನುವುದೇ ಇಲ್ಲ. ಬ್ರಿಟನ್ನಿನಲ್ಲಿ ಕನ್ನಡಕ ಅಳತೆ ಮಾಡಿ ಕೊಡುವ ಡಿಸ್ಪೆನ್ಸಿಂಗ್ ಆಪ್ಟಿಷಿಯನ್ ಕೂಡ ನೋಂದಾಯಿತ ವೃತ್ತಿಪರ. ಮೂರು ವರ್ಷಕ್ಕೆ 36 ಪಾಯಿಂಟ್ ಕಲಿಕೆ ತೋರಿಸಬೇಕು, ಅದರಲ್ಲಿ ಸಹೋದ್ಯೋಗಿಗಳ ಜೊತೆ ಕೂತು ಕೇಸ್ ಚರ್ಚಿಸುವುದೂ ಸೇರಿದೆ. ಕಾಯ್ದೆ ಬರಲಿ ಅಂತ ನಾವು ಕಾಯಬೇಕಾಗಿಲ್ಲ. ಆ ಕೇಸ್ ಚರ್ಚೆಯನ್ನು ನಾಳೆಯೇ ಅಂಗಡಿಯೊಳಗೆ ಶುರು ಮಾಡಬಹುದು.

ಹೇಗೆ? ಗಿರಾಕಿ "ಸರಿ ಹೋಗ್ತಿಲ್ಲ" ಅಂತ ವಾಪಸ್ ತಂದ ಪ್ರತಿ ಕನ್ನಡಕವನ್ನೂ ಒಂದು ರಿಜಿಸ್ಟರ್‌ನಲ್ಲಿ ಬರೆಯಿರಿ. ಆರ್ಡರ್ ಮಾಡಿದ ನಂಬರು, ಬಂದ ನಂಬರು, ಪಿ.ಡಿ. (ಎರಡು ಪಾಪೆಗಳ ನಡುವಿನ ಅಂತರ), ಫಿಟ್ಟಿಂಗ್ ಹೈಟ್ (ಲೆನ್ಸಿನ ಕೆಳ ಅಂಚಿನಿಂದ ಪಾಪೆಯವರೆಗಿನ ಎತ್ತರ), ಫ್ರೇಮ್ ಅಳತೆ, ಗಿರಾಕಿ ಹೇಳಿದ ಮಾತು, ಕೊನೆಗೆ ಸಿಕ್ಕ ಕಾರಣ. ಗಿರಾಕಿಯ ಮಾತನ್ನು ಅವರು ಹೇಳಿದ ಹಾಗೇ ಬರೆಯಬೇಕು. "ಅಡ್ಜಸ್ಟ್ ಆಗ್ತಿಲ್ಲ" ಅಂತ ಒಂದೇ ಪದದಲ್ಲಿ ಮುಗಿಸಿದರೆ ಮುಂದೆ ಕಲಿಯಲು ಏನೂ ಉಳಿಯುವುದಿಲ್ಲ.

ದೂರಕ್ಕೂ ಓದಲಿಕ್ಕೂ ಒಂದೇ ಲೆನ್ಸಿನಲ್ಲಿ ನಂಬರು ಇರುವ ಪ್ರೋಗ್ರೆಸಿವ್ ತೆಗೆದುಕೊಳ್ಳಿ. ಗಿರಾಕಿ ಓದಲು ಗದ್ದ ಎತ್ತುತ್ತಿದ್ದರೆ ಪಾಪೆಯ ಎದುರಿಗೇ ಬರಬೇಕಾದ ಗುರುತು, ಅಂದರೆ ಫಿಟ್ಟಿಂಗ್ ಕ್ರಾಸ್, ಪಾಪೆಯಿಂದ ಕೆಳಗೆ ಕೂತಿದೆ. ದೂರ ನೋಡಲು ಗದ್ದ ತಗ್ಗಿಸುತ್ತಿದ್ದರೆ ಮೇಲೆ ಕೂತಿದೆ. ಓದುವಾಗ ತಲೆಯನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರೆ ಒಂದೊಂದು ಕಣ್ಣಿನ ಪಿ.ಡಿ. (ಮೂಗಿನ ನಡುವಿನಿಂದ ಆ ಪಾಪೆಯವರೆಗಿನ ಅಂತರ) ನೋಡಿ. ಇದನ್ನು ಊಹೆಯಲ್ಲಿ ಬಿಡಬೇಡಿ. ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಣ್ಣದಾಗಿ ಕೆತ್ತಿದ ಎರಡು ಗುರುತು ಕಾಣುತ್ತವೆ, ಸಾಮಾನ್ಯವಾಗಿ 34 ಮಿ.ಮೀ. ಅಂತರದಲ್ಲಿ. ಅವಕ್ಕೆ ಪೆನ್ನಿನಿಂದ ಚುಕ್ಕೆ ಇಟ್ಟು, ಕಂಪನಿಯ ಲೇಔಟ್ ಚಾರ್ಟ್ ಮೇಲಿಟ್ಟು, ಕ್ರಾಸ್ ಬರೆದು, ಮತ್ತೆ ಗಿರಾಕಿಯ ಮುಖಕ್ಕೆ ಹಾಕಿ ನೋಡಿ. ಅರ್ಧದಷ್ಟು ವಾದ ಅಲ್ಲೇ ಮುಗಿಯುತ್ತದೆ.

ಈ ತಪ್ಪಿನ ಬೇರು ಒಂದು ಹೆಜ್ಜೆ ಹಿಂದಿದೆ: ಫ್ರೇಮನ್ನು ಮುಖಕ್ಕೆ ಸರಿಯಾಗಿ ಕೂರಿಸುವ ಮೊದಲೇ ಹೈಟ್ ಗುರುತು ಹಾಕುವುದು. ಮೊದಲು ನೋಸ್‌ಪ್ಯಾಡ್, ಕಿವಿಯ ಹಿಂದಿನ ಬಾಗು, ಮುಂದಿನ ಓರೆ ಎಲ್ಲ ಸರಿ ಮಾಡಿ. ಆಮೇಲೆ ಗಿರಾಕಿಯ ಕಣ್ಣಿನ ಮಟ್ಟಕ್ಕೇ ನೀವೂ ಕೂತು, ಫ್ರೇಮಿನ ಜೊತೆಗೇ ಬರುವ ಡೆಮೊ ಲೆನ್ಸ್ ಮೇಲೆ ಮಾರ್ಕ್ ಮಾಡಿ. ನಿಂತುಕೊಂಡು ಮಾರ್ಕ್ ಮಾಡುವ ಅಭ್ಯಾಸ ಬಿಡಿಸಲೇಬೇಕು. ಡೆಲಿವರಿ ದಿನ ನೋಸ್‌ಪ್ಯಾಡ್ ಅಗಲಿಸಿದರೆ ಫ್ರೇಮ್ ಇಳಿಯುತ್ತದೆ, ಅಳತೆ ಅಷ್ಟೂ ವ್ಯರ್ಥ.

ಪಿ.ಡಿ. ವಿಷಯಕ್ಕೆ ಬಂದರೆ, 64 ಅಂತ ಒಟ್ಟಿಗೆ ತೆಗೆದು 32-32 ಅಂತ ಭಾಗ ಮಾಡುವುದು ತಪ್ಪು. ಎಷ್ಟೋ ಮುಖಗಳಲ್ಲಿ ಮೂಗು ನಡುವಿಗಿಲ್ಲ, 30.5 ಮತ್ತು 33.5 ಬರಬಹುದು. ಸ್ಕೇಲ್‌ನಲ್ಲಿ ತೆಗೆಯುವಾಗ ಸುಮಾರು 40 ಸೆಂ.ಮೀ. ದೂರದಲ್ಲಿ ಎದುರು ಕೂತು, ಒಂದು ಕಣ್ಣು ಮುಚ್ಚಿ, ಗಿರಾಕಿಯ ಬಲಗಣ್ಣಿಗೆ ನಿಮ್ಮ ಎಡಗಣ್ಣು, ಅವರ ಎಡಗಣ್ಣಿಗೆ ನಿಮ್ಮ ಬಲಗಣ್ಣು. ಮೈನಸ್ 6.00 ನಂಬರಿಗೆ ಒಂದು ಕಣ್ಣಲ್ಲಿ 2 ಮಿ.ಮೀ. ತಪ್ಪಿದರೆ ಸೆಂಟಿಮೀಟರಿನಲ್ಲಿ 0.2 ಗುಣಿಸು 6, ಅಂದರೆ 1.2 ಪ್ರಿಸಂ (ಲೆನ್ಸ್ ನೋಟವನ್ನು ಸರಿಸುವ ಅಳತೆ). ಎರಡೂ ಕಣ್ಣಲ್ಲಿ ಒಳಕ್ಕೋ ಹೊರಕ್ಕೋ ಒಂದೇ ರೀತಿ ತಪ್ಪಿದರೆ 2.4. ಅಷ್ಟೇ ವ್ಯತ್ಯಾಸ ಮೇಲೆ-ಕೆಳಗೆ ಬಂದರಂತೂ ಕಣ್ಣು ಸಹಿಸುವುದೇ ಇಲ್ಲ. ತಲೆನೋವು, ಎರಡೆರಡು ಕಾಣುವುದು ಶುರು. ಈ ಗುಣಾಕಾರವನ್ನು ಸಿಬ್ಬಂದಿಯೇ ಕೈಯಾರೆ ಒಮ್ಮೆ ಮಾಡಿದರೆ ಸಾಕು, ಮಿಲಿಮೀಟರಿನ ಬೆಲೆ ತಿಳಿಯುತ್ತದೆ.

ಲೆನ್ಸಿನ ನಂಬರು ಅಳೆಯುವ ಲೆನ್ಸೋಮೀಟರ್‌ನ ಕಥೆಯೂ ಹೀಗೇ. ಕೈಯಿಂದ ತಿರುಗಿಸುವ ಮಷಿನ್ ಆದರೆ ನೋಡುವವರು ಬದಲಾದಾಗಲೆಲ್ಲ ಐಪೀಸ್ ಸೆಟ್ ಮಾಡಬೇಕು: ಲೆನ್ಸ್ ಇಡದೆ ಐಪೀಸನ್ನು ಪೂರ್ತಿ ಹೊರಗೆ ತಿರುಗಿಸಿ, ಒಳಗಿನ ಗೆರೆಗಳು ಸ್ಪಷ್ಟವಾಗುವವರೆಗೆ ಮೆಲ್ಲಗೆ ಒಳಗೆ ತನ್ನಿ, ಗೆರೆ ಸ್ಪಷ್ಟವಾದ ಕ್ಷಣ ನಿಲ್ಲಿಸಿ. ಆಮೇಲೆ ನಂಬರು ತೋರಿಸುವ ಡ್ರಮ್ ಸೊನ್ನೆಗೆ ಬಂದಾಗ ಟಾರ್ಗೆಟ್ (ಒಳಗೆ ಕಾಣುವ ಬೆಳಕಿನ ಗುರುತು) ಚೊಕ್ಕಟವಾಗಿ ಕಾಣುತ್ತದೆಯೇ ನೋಡಿ. ಇದನ್ನು ಬಿಟ್ಟರೆ ಒಂದೇ ಕನ್ನಡಕಕ್ಕೆ ಇಬ್ಬರು ಬೇರೆ ಬೇರೆ ನಂಬರು ಹೇಳುತ್ತಾರೆ. ವಾರಕ್ಕೊಮ್ಮೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಮೂರು ಹಳೇ ಕನ್ನಡಕ ಇಟ್ಟು, ಎಲ್ಲರೂ ಒಬ್ಬರದನ್ನೊಬ್ಬರು ನೋಡದೆ ನಂಬರು ಬರೆದು, ಕೊನೆಗೆ ಹೋಲಿಸಲಿ. ಮುಕ್ಕಾಲು ಗಂಟೆ ಸಾಕು.

ಅದೇ ಕೂಟದಲ್ಲಿ ಟ್ರಾನ್ಸ್‌ಪೊಸಿಷನ್, ಅಂದರೆ ಒಂದೇ ನಂಬರನ್ನು ಇನ್ನೊಂದು ರೀತಿಯಲ್ಲಿ ಬರೆಯುವುದು, ಕೂಡ ಆಗಲಿ. -2.00 / +1.00 × 90 ಅಂದರೂ -1.00 / -1.00 × 180 ಅಂದರೂ ಒಂದೇ ಲೆನ್ಸ್ ಅಂತ ಎಲ್ಲರಿಗೂ ಗೊತ್ತಿರಬೇಕು. ಇಲ್ಲಿ ಎರಡನೇ ಅಂಕಿ ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಇರುವ ನಂಬರು), ಕೊನೆಯದು ಆ ದಿಕ್ಕು ಹೇಳುವ ಆಕ್ಸಿಸ್. 2.00 ಸಿಲಿಂಡರ್‌ಗೆ ಆಕ್ಸಿಸ್ 10 ಡಿಗ್ರಿ ತಪ್ಪಿದರೆ ಸುಮಾರು 0.70 ಸಿಲಿಂಡರ್ ಉಳಿದುಬಿಡುತ್ತದೆ. 30 ಡಿಗ್ರಿ ತಪ್ಪಿದರೆ ಪೂರ್ತಿ 2.00 ಉಳಿಯುತ್ತದೆ. ಇನ್ನು ಫೋನ್ ಮೇಲೆ "ಒಂದೂಕಾಲು", "ಒಂದೂಮುಕ್ಕಾಲು" ಅಂತ ಆರ್ಡರ್ ಹೇಳುವುದನ್ನು ನಿಲ್ಲಿಸಿ. ಚಿಹ್ನೆ ಹಾಕಿ, ಎರಡು ದಶಾಂಶ ಬರೆದು ಕಳಿಸಿ.

ಒಂದು ವಿಷಯವನ್ನು ಮಾತ್ರ ಮುಂದಿನ ವಾರಕ್ಕೆ ಹಾಕಬಾರದು. "ಕಣ್ಣಲ್ಲಿ ಮಿಂಚು ಹೊಡೆದಂಗೆ ಆಗುತ್ತೆ", "ಇದ್ದಕ್ಕಿದ್ದಂಗೆ ಕಪ್ಪು ಚುಕ್ಕೆ ಜಾಸ್ತಿ ಆಗಿದೆ", "ಒಂದು ಕಡೆ ಪರದೆ ಬಿದ್ದಂಗಿದೆ" ಅಂದವರಿಗೆ ಫ್ರೇಮ್ ತೋರಿಸಬೇಡಿ. ರೆಟಿನಾ ಕಳಚುತ್ತಿರಬಹುದು, ಅದೇ ದಿನ ಕಣ್ಣಿನ ಆಸ್ಪತ್ರೆಗೆ ಕಳಿಸಿ. ದಿಢೀರನೆ ಎರಡೆರಡು ಕಂಡರೂ, ಕಣ್ಣು ಕೆಂಪಾಗಿ ನೋವಿದ್ದು ದೃಷ್ಟಿ ಮಂಜಾದರೂ ಹಾಗೇ. ಮಗುವಿನ ಪಾಪೆ ಫೋಟೋದಲ್ಲಿ ಬೆಳ್ಳಗೆ ಕಂಡಿತು ಅಂತ ತಾಯಿ ಹೇಳಿದರೆ ಒಂದು ದಿನವೂ ತಡ ಬೇಡ. ಸಕ್ಕರೆ ಕಾಯಿಲೆಗೆ ಹೊಸದಾಗಿ ಔಷಧಿ ಶುರುವಾದವರ ನಂಬರು ಕೆಲವು ವಾರ ಏರಿಳಿಯುತ್ತದೆ; ಅಂಥವರಿಗೆ ಆವತ್ತೇ ದುಬಾರಿ ಪ್ರೋಗ್ರೆಸಿವ್ ಮಾರಬೇಡಿ, ರೆಟಿನಾ ತಪಾಸಣೆ ಆಗಿದೆಯೇ ಅಂತ ಕೇಳಿ. ಮೊದಲು ಮಾತಾಡಿಸುವವರು ರಿಸೆಪ್ಷನ್‌ನಲ್ಲಿ ಕೂತವರು, ಆದ್ದರಿಂದ ಈ ಮಾತುಗಳ ಪಟ್ಟಿ ಅವರ ಮೇಜಿನ ಮೇಲೇ ಇರಬೇಕು.

"ಕಲಿಸಿದರೆ ಬಿಟ್ಟು ಬೇರೆ ಅಂಗಡಿಗೆ ಹೋಗ್ತಾರೆ" ಅನ್ನುವ ಮಾಲೀಕರಿದ್ದಾರೆ. ಕೆಲವರು ಹೋಗುತ್ತಾರೆ, ನಿಜ. ಕಲಿಯದೆ ಉಳಿದವರು ಮಾಡಿಸುವ ರೀಮೇಕ್ ಲೆನ್ಸಿನ ದುಡ್ಡನ್ನು ಮಾತ್ರ ನೀವೇ ಕೊಡುತ್ತಿದ್ದೀರಿ; ಆ ರಿಜಿಸ್ಟರ್ ಮೂರು ತಿಂಗಳು ಬರೆದರೆ ಎಷ್ಟು ಅಂತ ನಿಮಗೇ ಕಾಣುತ್ತದೆ. ಲೆನ್ಸ್ ಕಂಪನಿಯವರು ಮುಂದಿನ ಸಲ ತರಬೇತಿ ಕೊಡ್ತೀವಿ ಅಂತ ಬಂದಾಗ ಬ್ರೋಷರ್ ಬದಿಗಿಡಿಸಿ. ನಿಮ್ಮಲ್ಲಿ ವಾಪಸ್ ಬಂದ ಎರಡು ಪ್ರೋಗ್ರೆಸಿವ್ ಅವರ ಮುಂದಿಟ್ಟು, ತಪ್ಪು ಎಲ್ಲಿದೆ ಅಂತ ಕೌಂಟರ್‌ನವರ ಎದುರೇ ಗುರುತು ಹಾಕಿ ತೋರಿಸಿ ಅನ್ನಿ.