ಸತ್ಯಾಂಶ: ಆ ಫೋಟೊ 1943ರ ಬಂಗಾಳದ್ದಲ್ಲ

ಎಲುಬಿನ ಹಂದರವಾದ ಜನ ಸಾಲಾಗಿ ಕೂತಿರುವ ಕಪ್ಪು-ಬಿಳುಪು ಚಿತ್ರ, ಕೆಳಗೆ ‘1943, ಬಂಗಾಳ’ ಎಂಬ ಒಕ್ಕಣೆ. ಈ ಫಾರ್ವರ್ಡ್ ಕಳಿಸುವವರ ಸಂಕಟ ನಿಜವಾದದ್ದೇ. ತಪ್ಪಿರುವುದು ಇಸವಿ ಮತ್ತು ಜಾಗ. 1876–78ರ ಬರದಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ತೆಗೆದ ಚಿತ್ರವದು. ಹಸಿದವರನ್ನು ಕ್ಯಾಮೆರಾ ಮುಂದೆ ಜೋಡಿಸಿ ಕೂರಿಸಿದ್ದು ನೋಡಿದೊಡನೆ ತಿಳಿಯುತ್ತದೆ.

ನಮ್ಮ ಹಿರಿಯರು ಆಗಿನ ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರ ಎಂದದ್ದು ಈ 1876–78ರ ಬರವನ್ನೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿಯಿತು. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು 1877ರಲ್ಲಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಲಾಯಿತು. ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ. ಇಸವಿ ತಿದ್ದಿದರೆ ಆಳಿದವರ ಹೊಣೆ ಕರಗುವುದಿಲ್ಲ. 1943ರ ಬಂಗಾಳ ಕ್ಷಾಮದ ಹೊಣೆಯ ಲೆಕ್ಕವೇ ಬೇರೆ: ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ನಿಂತದ್ದು, ಜಪಾನೀಯರಿಗೆ ಸಿಗಬಾರದೆಂದು ಹಳ್ಳಿಗರ ದೋಣಿ ಕಿತ್ತುಕೊಂಡದ್ದು, ಯುದ್ಧಕಾಲದ ಬೆಲೆಯೇರಿಕೆ.

ಪರಿಶೀಲಿಸಲು ಚಿತ್ರವನ್ನು ಸೇವ್ ಮಾಡಿ, ಒಕ್ಕಣೆಯ ಭಾಗ ಕತ್ತರಿಸಿ, ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಕತ್ತರಿಸದಿದ್ದರೆ ಅದೇ ಫಾರ್ವರ್ಡ್‌ಗಳು ಮತ್ತೆ ಎದುರಾಗಬಹುದು. ಮ್ಯೂಸಿಯಂ ಅಥವಾ ಗ್ರಂಥಾಲಯದ ಪುಟ ಸಿಕ್ಕರೆ ಅಲ್ಲಿರುವ ವರ್ಷ, ಸ್ಥಳ ಎರಡನ್ನೂ ಒಕ್ಕಣೆಯೊಂದಿಗೆ ತಾಳೆ ನೋಡಿ, ದಾಖಲೆ ಸಂಖ್ಯೆ ಬರೆದಿಟ್ಟುಕೊಳ್ಳಿ.