ಪ್ರಿಂಟರ್ ಸಿಗುತ್ತಿಲ್ಲ ಎಂದು ಫೈರ್‌ವಾಲ್ ಆಫ್ ಮಾಡಬೇಡಿ

ಹೋದ ವಾರ ರಾತ್ರಿ ಹನ್ನೊಂದರ ಹೊತ್ತಿಗೆ ಸ್ನೇಹಿತರೊಬ್ಬರ ಫೋನ್ ಬಂತು. ಬೆಳಿಗ್ಗೆ ಮಗಳು ಶಾಲೆಗೆ ಪ್ರಾಜೆಕ್ಟ್ ಒಯ್ಯಬೇಕು. ಹದಿನಾಲ್ಕು ಪುಟ ಪ್ರಿಂಟ್ ಆಗಬೇಕು. ಅವರ ಮನೆಯಲ್ಲಿ ಇರುವುದು ಒಂದೇ ಪ್ರಿಂಟರ್. ಅದು ಯುಎಸ್‌ಬಿ ಕೇಬಲ್‌ನಲ್ಲಿ ಡೆಸ್ಕ್‌ಟಾಪ್‌ಗೆ ಸೇರಿಕೊಂಡಿದೆ. ಮಗಳು ತನ್ನ ಲ್ಯಾಪ್‌ಟಾಪ್‌ನಿಂದ ವೈಫೈ ಮೂಲಕ ಪ್ರಿಂಟ್ ಕೊಡುತ್ತಾಳೆ. ಎರಡು ವರ್ಷದಿಂದ ಚೆನ್ನಾಗೇ ನಡೆಯುತ್ತಿತ್ತು. ಅವತ್ತು ಮಾತ್ರ 'ಆಫ್‌ಲೈನ್' ಎಂದು ಬರುತ್ತಿತ್ತು, ಅಷ್ಟೇ.

ಮೊದಲು ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಡೆಸ್ಕ್‌ಟಾಪ್‌ನಿಂದಲೇ ಪ್ರಿಂಟ್ ತೆಗೆಯಿರಿ, ಮಗು ಮಲಗಲಿ ಎಂದೆ. ಐದು ನಿಮಿಷದಲ್ಲಿ ಹದಿನಾಲ್ಕೂ ಪುಟ ಬಂದವು. ಮಗಳ ಕೆಲಸ ಮುಗಿಯಿತು. ಜೊತೆಗೆ ಇನ್ನೊಂದು ವಿಷಯವೂ ಖಚಿತವಾಯಿತು. ಪ್ರಿಂಟರ್ ಸರಿ ಇದೆ, ಕೇಬಲ್ ಸರಿ ಇದೆ, ಪ್ರಿಂಟರ್ ಓಡಿಸುವ ಸಾಫ್ಟ್‌ವೇರ್ ಆದ ಡ್ರೈವರ್ ಸರಿ ಇದೆ. ತೊಂದರೆ ಇರುವುದು ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ವರೆಗಿನ ದಾರಿಯಲ್ಲಿ.

ಆಮೇಲೆ ಎರಡೂ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' (ipconfig) ಟೈಪ್ ಮಾಡಿ, ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ಗುರುತಿನ ಸಂಖ್ಯೆ) ಎಂದಿರುವ ಸಾಲನ್ನು ಓದಿ ಹೇಳಲು ಕೇಳಿದೆ. ಡೆಸ್ಕ್‌ಟಾಪ್‌ನದು 192.168.1.7. ಲ್ಯಾಪ್‌ಟಾಪ್‌ನದು 192.168.3.14. ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ನೋಡಿ. ಒಂದರಲ್ಲಿ 1, ಇನ್ನೊಂದರಲ್ಲಿ 3. ಒಂದೇ ಮನೆ, ಒಂದೇ ರೂಟರ್, ಆದರೆ ಎರಡು ಬೇರೆ ಬೇರೆ ನೆಟ್‌ವರ್ಕ್. ಹಿಂದಿನ ದಿನ ಹೊಸ ರೂಟರ್ ಹಾಕಿಸಿದ್ದರಂತೆ. ಅದರಲ್ಲಿ ಬಂದು ಹೋಗುವವರಿಗಾಗಿ ಒಂದು ಗೆಸ್ಟ್ ವೈಫೈ ಇತ್ತು. ಮಗಳ ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಂಡಿತ್ತು. ಗೆಸ್ಟ್ ವೈಫೈ ಇರುವುದೇ ಬಂದವರಿಗೆ ಇಂಟರ್ನೆಟ್ ಕೊಟ್ಟು, ಮನೆಯ ಉಳಿದ ಯಂತ್ರಗಳು ಕಾಣದಂತೆ ಮಾಡುವುದಕ್ಕೆ. ವೈಫೈ ಹೆಸರು ಬದಲಿಸಿದ ಮೇಲೆ ಪ್ರಿಂಟರ್ ತಾನಾಗೇ ಕಾಣಿಸಿಕೊಂಡಿತು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನಗೆ ಫೋನ್ ಮಾಡುವ ಮೊದಲು ಅವರು ಎರಡು ಗಂಟೆ ಒದ್ದಾಡಿದ್ದರು. ಸಿಕ್ಕ ಸಿಕ್ಕ ಸಲಹೆಗಳನ್ನೆಲ್ಲ ಪ್ರಯತ್ನಿಸಿದ್ದರು. ಡ್ರೈವರ್ ಮೂರು ಸಲ ತೆಗೆದು ಹಾಕಿದ್ದರು. ನೆಟ್‌ವರ್ಕ್‌ನಿಂದ ಬೇಡದವರು ಒಳಗೆ ಬರದಂತೆ ಕಾಯುವ ಫೈರ್‌ವಾಲ್ ಎರಡೂ ಕಂಪ್ಯೂಟರ್‌ನಲ್ಲಿ ಪೂರ್ತಿ ಆಫ್. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್. ಯಾವುದಕ್ಕೂ ಇರಲಿ ಎಂದು ಸಿ ಡ್ರೈವನ್ನೇ 'ಎವ್ರಿವನ್' ಹೆಸರಿಗೆ ಶೇರ್ ಮಾಡಿದ್ದರು. ಫೈಲ್, ಪ್ರಿಂಟರ್ ಹಂಚಿಕೊಳ್ಳುವ ಎಸ್‌ಎಂಬಿ ವ್ಯವಸ್ಥೆಯ ಹಳೆಯ ಆವೃತ್ತಿ, ಎಸ್‌ಎಂಬಿ 1 ಕೂಡ ಆನ್. ಇಷ್ಟು ಮಾಡಿದರೂ ಪ್ರಿಂಟ್ ಬರಲಿಲ್ಲ, ಯಾಕೆಂದರೆ ಇದ್ಯಾವುದೂ ಆ ತೊಂದರೆಗೆ ಸಂಬಂಧಪಟ್ಟದ್ದಲ್ಲ. ವೈಫೈ ಸರಿಯಾದ ತಕ್ಷಣ ಪ್ರಿಂಟ್ ಬಂತು. ಆದರೆ ಮನೆಯ ಬಾಗಿಲುಗಳೆಲ್ಲ ತೆರೆದೇ ಉಳಿದಿದ್ದವು. ನಾನು ಕೇಳದಿದ್ದರೆ ಇನ್ನೂ ವರ್ಷಗಟ್ಟಲೆ ಹಾಗೇ ಇರುತ್ತಿದ್ದವು.

ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ವಿಷಯ. 'ಫೈರ್‌ವಾಲ್ ಆಫ್ ಮಾಡಿ ನೋಡಿ' ಎನ್ನುವುದು ಸಲಹೆ ಕೊಡುವವರಿಗೆ ಸುಲಭ. ಆಮೇಲೆ ಆನ್ ಮಾಡಿ ಎಂದು ಹೇಳುವವರು ಕಡಿಮೆ. ಪ್ರಿಂಟರ್ ಹಂಚಿಕೊಳ್ಳಲು ವಿಂಡೋಸ್ ಬಳಸುವ ಎಸ್‌ಎಂಬಿ ಎನ್ನುವ ವ್ಯವಸ್ಥೆ 445ನೇ ಪೋರ್ಟ್ ಮೂಲಕ ನಡೆಯುತ್ತದೆ. ಫೈಲ್ ಹಂಚಿಕೆಯೂ ಅದೇ ಬಾಗಿಲಿನಿಂದ. 2017ರ ಮೇ 12ರಂದು ಶುರುವಾದ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ದಾಳಿ ನೆನಪಿದೆಯಾ? ಅದು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಹರಡಿದ್ದು ಇದೇ 445ನೇ ಬಾಗಿಲಿನಿಂದ, ಎಸ್‌ಎಂಬಿ 1ರ ದೋಷ ಹಿಡಿದು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಆ ದೋಷಕ್ಕೆ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ ಬಂದಿತ್ತು. ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಇನ್‌ಸ್ಟಾಲ್ ಆಗುವುದೇ ನಿಂತಿದೆ. ನಾವು ಒಂದು ಪ್ರಿಂಟರ್‌ಗಾಗಿ ಅದನ್ನು ಮತ್ತೆ ಎಬ್ಬಿಸಿ ಕೂರಿಸುವುದು ಸರಿಯಾ?

ಹಾಗಾದರೆ ಏನು ಮಾಡಬೇಕು? ನನ್ನ ಪ್ರಕಾರ, ಏನನ್ನೂ ಬದಲಿಸುವ ಮೊದಲು ಕೆಲಸ ಎಲ್ಲಿ ನಿಂತಿದೆ ಎಂದು ಹುಡುಕಬೇಕು. ನೀವು ಪ್ರಿಂಟ್ ಒತ್ತಿದಾಗ ಆ ಕೆಲಸ ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ, ರೂಟರ್‌ನಿಂದ ಡೆಸ್ಕ್‌ಟಾಪ್‌ಗೆ, ಅಲ್ಲಿಂದ ಪ್ರಿಂಟರ್‌ಗೆ ಹೋಗುತ್ತದೆ. ಪ್ರಿಂಟರ್ ಕಡೆಯಿಂದ ಹಿಂದಕ್ಕೆ ನೋಡುತ್ತಾ ಬನ್ನಿ. ಡೆಸ್ಕ್‌ಟಾಪ್‌ನಿಂದಲೇ ಪ್ರಿಂಟ್ ಬರುತ್ತಾ? ಬರದಿದ್ದರೆ ನೆಟ್‌ವರ್ಕ್ ಮುಟ್ಟಲೇಬೇಡಿ. ಬಂದರೆ ಡ್ರೈವರ್ ಮುಟ್ಟಬೇಡಿ. ಡೆಸ್ಕ್‌ಟಾಪ್ ಎಚ್ಚರ ಇದೆಯಾ? ಇದು ತೀರಾ ಸಣ್ಣ ವಿಷಯ ಅನಿಸಬಹುದು. ಆದರೆ ನಾನು ನೋಡಿದ 'ಆಫ್‌ಲೈನ್'ಗಳಲ್ಲಿ ಎಷ್ಟೋ ಸಲ ಆ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿತ್ತು, ಅಷ್ಟೇ.

ಆಮೇಲೆ ಎರಡೂ ಕಂಪ್ಯೂಟರ್‌ನ ಐಪಿ ವಿಳಾಸ. ಸಾಮಾನ್ಯ ಮನೆ ರೂಟರ್‌ನಲ್ಲಿ ಚುಕ್ಕಿಗಳ ನಡುವಿನ ಮೊದಲ ಮೂರು ಸಂಖ್ಯೆ ಒಂದೇ ಇರಬೇಕು. ಯಾವುದಾದರೂ ಒಂದು 169.254 ಎಂದು ಶುರುವಾದರೆ ಆ ಕಂಪ್ಯೂಟರ್‌ಗೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಕೆಲವು ರೂಟರ್‌ಗಳಲ್ಲಿ ಎಪಿ ಐಸೊಲೇಷನ್ ಎಂಬ ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ವಿಳಾಸ ಸರಿ ಇದ್ದರೂ ಒಂದು ವೈಫೈ ಯಂತ್ರ ಇನ್ನೊಂದಕ್ಕೆ ಕಾಣುವುದಿಲ್ಲ. 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂದು ಎರಡು ಹೆಸರು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅವೆರಡೂ ಒಂದೇ ನೆಟ್‌ವರ್ಕ್. ಕೆಲಸದ ಲ್ಯಾಪ್‌ಟಾಪ್ ಆಗಿದ್ದರೆ, ಕಚೇರಿಯ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಆನ್ ಇದೆಯಾ ನೋಡಿ. ಎಷ್ಟೋ ವಿಪಿಎನ್‌ಗಳು ಆನ್ ಆದ ತಕ್ಷಣ ಮನೆಯ ಪ್ರಿಂಟರ್‌ನ ದಾರಿ ಮುಚ್ಚಿಬಿಡುತ್ತವೆ.

ವಿಳಾಸ ಸರಿ ಇದೆ ಎಂದಾದರೆ, ನನಗೆ ತುಂಬಾ ಇಷ್ಟವಾದ ಒಂದು ಪರೀಕ್ಷೆ ಇದೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಡೆಸ್ಕ್‌ಟಾಪ್‌ನ ಐಪಿ ವಿಳಾಸ ಬರೆದು ಎಂಟರ್ ಕೊಡಿ. ಪ್ರಿಂಟರ್ ಕಂಡರೆ ದಾರಿ ಸರಿ ಇದೆ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಸೇರಿಸಿಕೊಳ್ಳಿ. ಐಪಿ ಹಾಕಿದರೆ ತೆರೆಯುತ್ತದೆ, ಕಂಪ್ಯೂಟರ್ ಹೆಸರು ಹಾಕಿದರೆ ಇಲ್ಲ ಎಂದಾದರೆ, ಹೆಸರು ಹುಡುಕುವುದರಲ್ಲಿ ಮಾತ್ರ ತೊಂದರೆ. ಯೂಸರ್ ನೇಮ್, ಪಾಸ್‌ವರ್ಡ್ ಕೇಳಿತೆಂದರೆ ನೀವು ಬಾಗಿಲವರೆಗೆ ತಲುಪಿದ್ದೀರಿ. ಒಳಗೆ ಬಿಡಲು ಅದು ನಿಮ್ಮ ಗುರುತು ಕೇಳುತ್ತಿದೆ. ಏನೂ ಇಲ್ಲದೆ ತುಂಬಾ ಹೊತ್ತು ತಿರುಗಿ ಸೋತರೆ ಬಾಗಿಲೇ ಮುಚ್ಚಿದೆ. ಪಿಂಗ್ ಎಂಬ ಕಮಾಂಡ್ ಕೊಟ್ಟು ಆ ವಿಳಾಸದಿಂದ ಉತ್ತರ ಬರುತ್ತಾ ಎಂದೂ ನೋಡಬಹುದು. ಆದರೆ ಪಿಂಗ್‌ಗೆ ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ದಾರಿ ಇಲ್ಲ ಅಂತಲ್ಲ. ವಿಂಡೋಸ್ ಫೈರ್‌ವಾಲ್ ಪಿಂಗನ್ನೂ ತಡೆಯುತ್ತದೆ.

ಬಾಗಿಲು ಮುಚ್ಚಿದ್ದರೆ ಫೈರ್‌ವಾಲ್ ಆಫ್ ಮಾಡುವುದಲ್ಲ, ನೆಟ್‌ವರ್ಕ್ ಪ್ರೊಫೈಲ್ ನೋಡಬೇಕು. ವಿಂಡೋಸ್‌ನಲ್ಲಿ ಪ್ರತಿ ವೈಫೈಗೂ ಪಬ್ಲಿಕ್ ಅಥವಾ ಪ್ರೈವೇಟ್ ಎಂಬ ಗುರುತು ಇರುತ್ತದೆ. ಪಬ್ಲಿಕ್ ಎಂದರೆ ಅಪರಿಚಿತರ ನಡುವೆ ಕೂತಿದ್ದೇವೆ ಎಂದುಕೊಂಡು ಅದು ಹಂಚಿಕೆಯನ್ನು ತಡೆಯುತ್ತದೆ. ರೂಟರ್ ಬದಲಾದಾಗ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಇಟ್ಟರೂ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು ಪಬ್ಲಿಕ್ ಗುರುತು ಹಾಕಬಹುದು. ಸೆಟ್ಟಿಂಗ್ಸ್‌ನಲ್ಲಿ ಆ ವೈಫೈ ಮೇಲೆ ಒತ್ತಿ ಪ್ರೈವೇಟ್ ಎಂದು ಬದಲಿಸಿ. ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಭಾಗದಲ್ಲಿ ಮಾತ್ರ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲ್ ಬೇಕಾದಷ್ಟು ಬಾಗಿಲನ್ನು ತಾನೇ ತೆರೆಯುತ್ತದೆ. ಹೊರಗೆ ಲ್ಯಾಪ್‌ಟಾಪ್ ಒಯ್ದು ಬೇರೆ ವೈಫೈಗೆ ಪಬ್ಲಿಕ್ ಎಂದು ಸೇರಿದಾಗ ತಾನೇ ಮುಚ್ಚುತ್ತದೆ. ಇಷ್ಟು ಚೆನ್ನಾದ ವ್ಯವಸ್ಥೆ ಇರುವಾಗ ಪೂರ್ತಿ ಆಫ್ ಮಾಡುವ ಅಗತ್ಯವೇ ಇಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಪಿನ್. ದಿನಾ ನಾಲ್ಕು ಅಂಕಿ ಒತ್ತಿ ಒಳಗೆ ಹೋಗುತ್ತೇವೆ, ಅದನ್ನೇ ಇಲ್ಲಿ ಹಾಕುತ್ತೇವೆ, ತಪ್ಪು ಎನ್ನುತ್ತದೆ. ಪಿನ್ ಆ ಒಂದು ಯಂತ್ರದೊಳಗೆ ಮಾತ್ರ ನಡೆಯುತ್ತದೆ. ನೆಟ್‌ವರ್ಕ್ ಮೂಲಕ ಬರುವಾಗ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯೂ ನಡೆಯುವುದಿಲ್ಲ, ವಿಂಡೋಸ್ ಅದನ್ನು ನೆಟ್‌ವರ್ಕ್‌ನಿಂದ ಒಳಗೆ ಬಿಡದಂತೆ ತಡೆದಿಟ್ಟಿದೆ. ನಾನು ಮಾಡುವುದು ಹೀಗೆ. ಡೆಸ್ಕ್‌ಟಾಪ್‌ನಲ್ಲಿ ಪ್ರಿಂಟ್‌ಗೆಂದೇ ಒಂದು ಸಾಮಾನ್ಯ ಲೋಕಲ್ ಖಾತೆ ತೆರೆದು, ಪಾಸ್‌ವರ್ಡ್ ಇಡುತ್ತೇನೆ. ಅಡ್ಮಿನ್ ಹಕ್ಕು ಕೊಡುವುದಿಲ್ಲ. ಲ್ಯಾಪ್‌ಟಾಪ್ ಕೇಳಿದಾಗ ಆ ಹೆಸರು, ಪಾಸ್‌ವರ್ಡ್ ಕೊಟ್ಟು ನೆನಪಿಟ್ಟುಕೋ ಎಂದು ಟಿಕ್ ಹಾಕುತ್ತೇನೆ. ಒಂದು ಸಲದ ಕೆಲಸ.

ಇನ್ನು ಎರರ್ ಸಂಖ್ಯೆಗಳು. ಸೊನ್ನೆಗಳ ಉದ್ದ ಸಾಲಿನ ಕೊನೆಯಲ್ಲಿ 11ಬಿ ಎಂದು ಬರುವುದನ್ನು ತುಂಬಾ ಜನ ನೋಡಿರುತ್ತೀರಿ. 2021ರ ಜೂನ್ ಕೊನೆಯಲ್ಲಿ, ಪ್ರಿಂಟ್ ಕೆಲಸಗಳನ್ನು ಸಾಲಾಗಿ ನಡೆಸುವ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೊಡ್ಡ ದೋಷ ಬಯಲಿಗೆ ಬಂತು. ಸ್ಪೂಲರ್ ಅತಿ ಹೆಚ್ಚು ಅಧಿಕಾರದಲ್ಲಿ ಓಡುವುದರಿಂದ, ಅದರ ಮೂಲಕ ನುಗ್ಗಿದವನಿಗೆ ಇಡೀ ಕಂಪ್ಯೂಟರ್ ಕೈಗೆ ಸಿಗುತ್ತಿತ್ತು. ಜುಲೈನಲ್ಲಿ ತುರ್ತು ಅಪ್‌ಡೇಟ್ ಬಂತು. ಆಗಸ್ಟ್‌ನಿಂದ ಹಂಚಿಕೊಂಡ ಪ್ರಿಂಟರ್‌ನ ಡ್ರೈವರ್ ಹಾಕಲು ಅಡ್ಮಿನ್ ಅನುಮತಿ ಬೇಕಾಯಿತು. ಸೆಪ್ಟೆಂಬರ್‌ನಲ್ಲಿ, ಅದೇ ವರ್ಷ ಬೇರೊಂದು ದೋಷಕ್ಕಾಗಿ ಬಂದಿದ್ದ ಬಿಗಿ ನಿಯಮ ಕಡ್ಡಾಯವಾಯಿತು. ಎರಡು ಕಂಪ್ಯೂಟರ್‌ಗಳ ನಡುವಿನ ಪ್ರಿಂಟ್ ಮಾತುಕತೆ ಎನ್‌ಕ್ರಿಪ್ಟ್ ಆಗಿಯೇ ನಡೆಯಬೇಕು ಎಂಬುದು ಆ ನಿಯಮ. ಆಗ ಶುರುವಾಯಿತು 11ಬಿ. ಇದಕ್ಕೆ ಎಲ್ಲ ಕಡೆ ಹರಿದಾಡುವ ಪರಿಹಾರ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೊನ್ನೆ ಮಾಡುವುದು. ಕೆಲಸ ಮಾಡುತ್ತದೆ, ನಿಜ. ಆದರೆ ಅದು ಹಾಕಿದ ಬೀಗವನ್ನೇ ಕಿತ್ತುಹಾಕಿದ ಹಾಗೆ. ಮೊದಲು ಎರಡೂ ಕಂಪ್ಯೂಟರ್‌ಗೆ ಪೂರ್ತಿ ಅಪ್‌ಡೇಟ್ ಹಾಕಿ ನೋಡಿ. ಒಂದು ಹೊಸದು, ಇನ್ನೊಂದು ವರ್ಷಗಳಿಂದ ಅಪ್‌ಡೇಟ್ ಕಾಣದ್ದು ಎಂದಿದ್ದಾಗಲೇ ಈ ಜಗಳ ಜಾಸ್ತಿ.

709 ಎಂಬ ಎರರ್‌ಗೆ ಇರುವ ಕಾರಣಗಳಲ್ಲಿ ಒಂದು ಇದೇ ಜಾತಿಯದು. 2022ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದ ಕಂಪ್ಯೂಟರ್‌ಗಳು ಪ್ರಿಂಟ್ ಬಗ್ಗೆ ಮಾತಾಡಿಕೊಳ್ಳುವ ರೀತಿಯೇ ಬದಲಾಯಿತು. ಹಳೆಯ ಕಂಪ್ಯೂಟರ್‌ಗೆ ಆ ಭಾಷೆ ಬರದೆ ಹೋಗಬಹುದು. ಹಾಗೆಯೇ ಹಳೆಯ ಪಾಠಗಳಲ್ಲಿ ಹೋಮ್‌ಗ್ರೂಪ್ ಎಂದು ಓದಿದರೆ ಅಲ್ಲಿಗೇ ಬಿಟ್ಟುಬಿಡಿ. 2018ರಲ್ಲೇ ವಿಂಡೋಸ್ 10ರಿಂದ ಅದನ್ನು ತೆಗೆದಿದ್ದಾರೆ.

ಕ್ಯೂನಲ್ಲಿ ಒಂದು ಕೆಲಸ ಸಿಕ್ಕಿಹಾಕಿಕೊಂಡು ಅಳಿಸಲೂ ಬಾರದಿದ್ದರೆ, ಡೆಸ್ಕ್‌ಟಾಪ್‌ನಲ್ಲಿ ಸರ್ವೀಸಸ್ ತೆರೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿರುವ ಫೈಲ್ ಅಳಿಸಿ, ಫೋಲ್ಡರ್ ಹಾಗೇ ಇರಲಿ. ಮತ್ತೆ ಸ್ಪೂಲರ್ ಶುರು ಮಾಡಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಖಂಡಿತ ಅಭಿಪ್ರಾಯ ಬೇರೆಯೇ ಇದೆ. ಪ್ರಿಂಟರ್‌ಗೆ ವೈಫೈ ಅಥವಾ ನೆಟ್‌ವರ್ಕ್ ಕೇಬಲ್ ಜಾಗ ಇದ್ದರೆ ಕಂಪ್ಯೂಟರ್ ಮೂಲಕ ಹಂಚುವುದನ್ನೇ ಬಿಡಿ. ನೇರವಾಗಿ ರೂಟರ್‌ಗೆ ಸೇರಿಸಿ. ಆಗ ಯಾವ ಡೆಸ್ಕ್‌ಟಾಪ್ ಮಲಗಿದರೂ ಚಿಂತೆ ಇಲ್ಲ, ಯಾರ ಪಾಸ್‌ವರ್ಡೂ ಬೇಡ, 11ಬಿ ತೊಂದರೆಯೂ ಇಲ್ಲ. ಫೋನ್‌ನಿಂದಲೂ ಪ್ರಿಂಟ್ ಕೊಡಬಹುದು. 2010ರಲ್ಲಿ ಫೋನ್‌ನಿಂದ ಡ್ರೈವರ್ ಇಲ್ಲದೆ ಪ್ರಿಂಟ್ ಕೊಡುವ ಆ್ಯಪಲ್‌ನ ಏರ್‌ಪ್ರಿಂಟ್ ಬಂತು, 2013ರಲ್ಲಿ ಪ್ರಿಂಟರ್ ಕಂಪನಿಗಳು ಸೇರಿ ಅಂಥದ್ದೇ ಕೆಲಸಕ್ಕೆ ಮೊಪ್ರಿಯಾ ಒಕ್ಕೂಟ ಕಟ್ಟಿದವು. ಆಮೇಲಿನ ಎಷ್ಟೋ ವೈಫೈ ಪ್ರಿಂಟರ್‌ಗಳಿಗೆ ಬೇರೆ ಡ್ರೈವರ್ ಕೂಡ ಬೇಕಾಗುವುದಿಲ್ಲ. ಅನೇಕ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, ಸೇರಿಸುವಾಗ ಇದೊಂದು ನೆನಪಿರಲಿ.

ಸೇರಿಸಿದ ದಿನವೇ ಇನ್ನೊಂದು ಕೆಲಸ ಮುಗಿಸಿಬಿಡಿ. ರೂಟರ್‌ನ ಪುಟಕ್ಕೆ ಹೋಗಿ ಪ್ರಿಂಟರ್‌ಗೆ ಒಂದು ಐಪಿ ವಿಳಾಸವನ್ನು ಕಾಯಂ ಮಾಡಿ. ಡಿಎಚ್‌ಸಿಪಿ ರಿಸರ್ವೇಷನ್ ಎಂದು ಇರುತ್ತದೆ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಪ್ರಿಂಟರ್‌ಗೆ ಬೇರೆ ವಿಳಾಸ ಸಿಗಬಹುದು, ಕಂಪ್ಯೂಟರ್ ಹಳೆಯ ವಿಳಾಸದಲ್ಲೇ ಹುಡುಕುತ್ತಿರಬಹುದು. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಭಾಗದಲ್ಲಿ ಡಬ್ಲ್ಯುಎಸ್‌ಡಿ ಎಂದಿದ್ದು ಪದೇ ಪದೇ ಆಫ್‌ಲೈನ್ ಆಗುತ್ತಿದ್ದರೆ, ಆ ಕಾಯಂ ವಿಳಾಸ ಕೊಟ್ಟು ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಸೇರಿಸಿ. ಪ್ರಿಂಟ್ ಬರುತ್ತದೆ ಆದರೆ ಆಫ್‌ಲೈನ್ ಎಂದೇ ತೋರಿಸುತ್ತದೆ ಎಂದಾದರೆ, ಅದೇ ಪೋರ್ಟ್‌ನ ಕಾನ್ಫಿಗರ್ ಒತ್ತಿ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಟಿಕ್ ತೆಗೆಯಿರಿ.

ಆ ರಾತ್ರಿ ಫೋನ್ ಇಡುವ ಮೊದಲು ಸ್ನೇಹಿತರ ಹತ್ತಿರ ಒಂದೊಂದಾಗಿ ಎಲ್ಲವನ್ನೂ ವಾಪಸ್ ಮಾಡಿಸಿದೆ. ಎರಡೂ ಫೈರ್‌ವಾಲ್ ಆನ್. ಸಿ ಡ್ರೈವ್ ಶೇರ್ ತೆಗೆದದ್ದಾಯಿತು. ಪಾಸ್‌ವರ್ಡ್ ಶೇರಿಂಗ್ ಆನ್. ಎಸ್‌ಎಂಬಿ 1ರ ಟಿಕ್ ತೆಗೆದು ರೀಸ್ಟಾರ್ಟ್. ಅವರಿಗೆ ಭಯ, ಮತ್ತೆ ಪ್ರಿಂಟ್ ನಿಂತರೆ ಅಂತ. ಲ್ಯಾಪ್‌ಟಾಪ್ ಮತ್ತೆ ಶುರುವಾದ ಮೇಲೆ ಒಂದು ಟೆಸ್ಟ್ ಪೇಜ್ ಕೊಡಿ ಎಂದೆ. ಫೋನ್‌ನಲ್ಲೇ ಕಾಗದ ಎಳೆದುಕೊಳ್ಳುವ ಸದ್ದು ಕೇಳಿಸಿತು.

ನಿಮ್ಮ ಮನೆಯಲ್ಲೂ ಎಂದೋ ಒಂದು ದಿನ ಪ್ರಿಂಟ್‌ಗಾಗಿ ಫೈರ್‌ವಾಲ್ ಆಫ್ ಮಾಡಿದ್ದರೆ, ಇವತ್ತೇ ಹೋಗಿ ಒಮ್ಮೆ ನೋಡಿ. ಆನ್ ಮಾಡಿದ ಮೇಲೆ ಪ್ರಿಂಟ್ ನಿಂತರೆ ಎರರ್ ಸಂಖ್ಯೆ, ಪ್ರಿಂಟರ್ ಯಾವುದಕ್ಕೆ ಸೇರಿದೆ, ಎರಡೂ ಕಂಪ್ಯೂಟರ್‌ನ ವಿಂಡೋಸ್ ಯಾವುದು, ಇಷ್ಟನ್ನು ಕೆಳಗೆ ಬರೆಯಿರಿ. ನಾನು ನೋಡಿ ಉತ್ತರಿಸುತ್ತೇನೆ.